ಮೂರನೇ ನಂಬರಿನ ಬಿಲ್ಲೆ

ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಬೆಳಗಿನ ಜಾವ ನನಗೆ ಹಾಸಿಗೆಯಲ್ಲಿ ಇರಲಾಗುವುದಿಲ್ಲ. ಎದ್ದು ಹಿಂಬಾಗಿಲು ತೆರೆದು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುತ್ತೇನೆ. ವಾಯವ್ಯದ ಗಾಳಿಯಾದರೆ ಆ ದಿನವೆಲ್ಲ ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. "ಈಗ ನಿಂಗೆ ಯಾರೂ ಸಂಬಳ ಕೊಡ್ತಿಲ್ಲ ಕಣೇ, ಒಳಗ್ ಬಾ, ಕಾಫಿ ಆರೋಗ್ತಿದೆ" ಎಂದು ನಮ್ಮ ಮನೆಯವರು ಅಡುಗೆಮನೆಯಿಂದ ಕೂಗುತ್ತಾರೆ. ನಾನು ಹೋಗುವಷ್ಟರಲ್ಲಿ ಅದು ಆರಿಯೇ ಇರುತ್ತದೆ.

ಹೋದ ತಿಂಗಳು ಕ್ಲಾರ್ಕ್ಸ್‌ಬರ್ಗಿನ ಪರಿಚಿತರ ಮಗಳೊಬ್ಬಳು ಫೋನ್ ಮಾಡಿದ್ದಳು. ಕಾಲೇಜು ಮುಗಿಸಿದ್ದಾಳೆ, ವನ್ಯಜೀವಿ ಇಲಾಖೆಯೊಂದರಲ್ಲಿ ಕೆಲಸ ಸಿಕ್ಕಿದೆ. "ಆಂಟಿ, ನೀವು ತುಂಬಾ ಇಯರ್ಸ್ ಮಾಡಿದ್ರಲ್ಲ, ಆ ಜಾಬ್ ರಿಯಲೀ ಹೇಗಿರತ್ತೆ?" ಎಂದು ಕೇಳಿದಳು. ಹಕ್ಕಿಗಳು, ಸೂರ್ಯೋದಯ, ಒಳ್ಳೆಯ ಜನ ಅಂತೆಲ್ಲ ಹೇಳಿ ಫೋನಿಟ್ಟೆ. ಇಟ್ಟ ಮೇಲೆ ನನಗೇ ನಾಚಿಕೆಯಾಯಿತು. ಅವಳು ಕೇಳಿದ್ದು ಒಂದು, ನಾನು ಹೇಳಿದ್ದು ಇನ್ನೊಂದು. ಅದಕ್ಕೇ ಈಗ ಕೂತು ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅವಳಮ್ಮ ಓದಿ ಹೇಳುತ್ತಾಳಂತೆ. ಇಂಗ್ಲಿಷಿನಲ್ಲೇ ಬರೆಯಬಹುದಿತ್ತು. ಆದರೆ ಇಂಗ್ಲಿಷಿನಲ್ಲಿ ನಾನು ಬರೆದದ್ದೆಲ್ಲ ಇಲಾಖೆಯ ವರದಿಗಳೇ. ಆ ಭಾಷೆಗೆ ಕೈ ಹಾಕಿದರೆ ನನ್ನ ತಪ್ಪು ನನಗೇ ಸಣ್ಣದಾಗಿ ಕಾಣತೊಡಗುತ್ತದೆ.

ಯಾವಾಗ ಖಾಯಂ ಆದೆ, ಯಾವಾಗ ಮೇಲೇರಿದೆ ಎಂಬುದನ್ನೆಲ್ಲ ಬಿಡುತ್ತೇನೆ. ಯಾರಿಗೂ ಬೇಕಿಲ್ಲ. ಹೇಳಬೇಕಾದದ್ದು ಒಂದು ಮಗುವಿಗೆ ನಾನು ಮಾಡಿದ ಅನ್ಯಾಯ. ಆದರೆ ಕೆಲಸವೇನೆಂದು ತಿಳಿಯದೆ ಅನ್ಯಾಯವೇನೆಂದು ತಿಳಿಯುವುದಿಲ್ಲ.

ವಾಷಿಂಗ್ಟನ್ನಿನಿಂದ ದಕ್ಷಿಣಕ್ಕೆ ಒಂದೂವರೆ ಗಂಟೆ ಹೋದರೆ ಪೊಟೋಮ್ಯಾಕ್ ನದಿಯ ವರ್ಜೀನಿಯಾ ದಡದಲ್ಲಿ ಒಂದು ದೊಡ್ಡ ಜೌಗು ಇತ್ತು. ಸರ್ಕಾರದ ಜಾಗ, ಎಲ್ಲರ ಜಾಗ. ಚಳಿಗಾಲದಲ್ಲಿ ಉತ್ತರದಿಂದ ಕಾಡುಬಾತುಗಳು ಬಂದಿಳಿಯುತ್ತಿದ್ದವು. ಅವುಗಳ ಬೇಟೆಗೆ ಅನುಮತಿ ಇತ್ತು, ಆದರೆ ಬಂದವರೆಲ್ಲ ಬೇಕಾದಲ್ಲಿ ನಿಂತು ಗುಂಡು ಹಾರಿಸುವಂತಿರಲಿಲ್ಲ. ನೀರಿನಲ್ಲಿ ಕಂಬ ನೆಟ್ಟು, ಹಲಗೆ ಹಾಸಿ, ಸುತ್ತ ಜೊಂಡು ಕಟ್ಟಿದ ಹನ್ನೆರಡು ಅಡಗುತಾಣಗಳಿದ್ದವು. ನಮ್ಮ ಕಡೆ ಹೊಲ ಕಾಯಲು ಕಟ್ಟುವ ಅಟ್ಟಣೆಯಂತೆಯೇ. ಅದನ್ನು ಬ್ಲೈಂಡ್ ಎನ್ನುತ್ತಾರೆ. ಯಾರಿಗೆ ಯಾವ ದಿನ ಎಂಬುದು ಅಂಚೆ ಕಾರ್ಡುಗಳ ಲಾಟರಿಯಲ್ಲಿ, ಯಾರಿಗೆ ಯಾವ ಬ್ಲೈಂಡ್ ಎಂಬುದು ಅದೇ ಬೆಳಿಗ್ಗೆ ಬೇಟೆಯ ಲೆಕ್ಕ ನೋಡುವ ನಮ್ಮ ಚೆಕ್ ಸ್ಟೇಷನ್ನಿನಲ್ಲಿ ಚೀಟಿ ಎತ್ತಿ. ಚೀಟಿ ಎಂದರೆ ಚೀಟಿಯಲ್ಲ, ಮರದ ಬಿಲ್ಲೆಗಳು. ಒಂದರಿಂದ ಹನ್ನೆರಡರವರೆಗೆ ಕಪ್ಪು ಬಣ್ಣದಲ್ಲಿ ನಂಬರು ಬರೆದು ಹಳೆಯ ಕಾಫಿ ಡಬ್ಬಕ್ಕೆ ಹಾಕಿ ಕುಲುಕುತ್ತಿದ್ದೆವು. ಬಣ್ಣ ಬೇಗ ಸವೆಯುತ್ತಿತ್ತು. ವರ್ಷಕ್ಕೊಮ್ಮೆ ನಾನೇ ಕುಂಚ ಹಿಡಿದು ತಿದ್ದುತ್ತಿದ್ದೆ.

ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಮಾಡಿ, ಮದುವೆಯಾಗಿ ಬಂದು, ಫ್ರೆಡರಿಕ್ಸ್‌ಬರ್ಗಿನ ಅಪಾರ್ಟ್‌ಮೆಂಟಿನಲ್ಲಿ ಗೋಡೆ ನೋಡುತ್ತ ಕೂತಿದ್ದವಳು ನಾನು. ತೊಂಬತ್ತರ ದಶಕದ ಶುರುವಿನಲ್ಲಿ ಪತ್ರಿಕೆಯಲ್ಲಿ ಹಕ್ಕಿ ಎಣಿಸುವ ತಾತ್ಕಾಲಿಕ ಕೆಲಸದ ಜಾಹೀರಾತು ನೋಡಿ ಹೋದೆ. ಎಣಿಸಬೇಕಾದದ್ದು ಸತ್ತ ಹಕ್ಕಿಗಳನ್ನು ಎಂದು ಹೋದ ಮೇಲೆ ತಿಳಿಯಿತು. ನಮ್ಮ ಮನೆಗೆ ಮೊಟ್ಟೆಯೂ ಬರುತ್ತಿರಲಿಲ್ಲ. ಕನ್ನಡ ಸಂಘದ ಊಟಗಳಲ್ಲಿ ಹೆಂಗಸರು "ಸುಮಿತ್ರ ತಂದಿರೋ ಪಲ್ಯದಲ್ಲಿ ಏನೂ ಇಲ್ಲ ತಾನೆ?" ಎಂದು ಕಾಲೆಳೆಯುತ್ತಿದ್ದರು. ನಮ್ಮವರಂತೂ ಎರಡು ವರ್ಷ ಎಲ್ಲರಿಗೂ "ಪಾರ್ಕ್ಸ್‌ನಲ್ಲಿ ವರ್ಕ್ ಮಾಡ್ತಾಳೆ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದರು.

ನನ್ನ ಮೇಲಧಿಕಾರಿ ವೆಂಡೆಲ್. ಆ ಜೌಗಿನ ದಡದಲ್ಲೇ ಹುಟ್ಟಿ ಬೆಳೆದ ಮುದುಕ. ಮಾತು ಕಡಿಮೆ, ಮುಖ ಗಂಟು. ಮೊದಲ ದಿನ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚಳಿ ತಡೆಯುತ್ತೀಯಾ?" ಎಂದು ಕೇಳಿದ. "ಇಲ್ಲ" ಎಂದೆ. "ಸುಳ್ಳು ಹೇಳುವುದಿಲ್ಲ, ಪರವಾಗಿಲ್ಲ" ಎಂದು ಒಂದು ಕೋಟು ಎಸೆದ. ಆ ಮಾತನ್ನು ಮುಂದೆ ಬಹಳ ಸಲ ನೆನೆದು ಸಂಕಟಪಟ್ಟಿದ್ದೇನೆ.

ನನ್ನ ಮೊದಲ ಎಡವಟ್ಟು ರೆಕ್ಕೆಗಳದ್ದು. ಬ್ಲ್ಯಾಕ್ ಡಕ್ ಎಂಬ ಬಾತನ್ನು ಒಬ್ಬ ದಿನಕ್ಕೆ ಒಂದಕ್ಕಿಂತ ಹೆಚ್ಚು ಹೊಡೆಯುವಂತಿರಲಿಲ್ಲ. ಡೇಲ್ ಎಂಬ ಬೇಟೆಗಾರ ಎರಡು ಕಂದು ಬಾತುಗಳನ್ನು ಮೇಜಿನ ಮೇಲಿಟ್ಟ. ಎರಡೂ ಬ್ಲ್ಯಾಕ್ ಡಕ್ ಎಂದು ನಾನು ಜೋರುಮಾಡಿದೆ. ನಿಯಮದ ಪುಸ್ತಕ ತೆಗೆದು ಓದಿದೆ. ಸಾಲಿನಲ್ಲಿದ್ದವರೆಲ್ಲ ಇಣುಕಿ ನೋಡಿದರು. ಡೇಲ್ ಸಿಟ್ಟಾಗಲಿಲ್ಲ. ಒಂದು ಹಕ್ಕಿಯ ರೆಕ್ಕೆಯನ್ನು ನಿಧಾನವಾಗಿ ಬಿಡಿಸಿ, ನೀಲಿ ಪಟ್ಟೆಯ ಹಿಂದೂ ಮುಂದೂ ಇರುವ ಬಿಳಿ ಗೆರೆಗಳನ್ನು ಬೆರಳಿನಿಂದ ತೋರಿಸಿದ. ಅದು ಹೆಣ್ಣು ಮಲಾರ್ಡ್, ಬೇರೆಯೇ ಜಾತಿಯ ಬಾತು. ಎಂ.ಎಸ್ಸಿ. ಪದವಿ ಇದ್ದವಳಿಗೆ ಮರಗೆಲಸದವನು ಪಾಠ ಮಾಡಿದ್ದ. ಅವತ್ತಿನಿಂದ ಅವನು ಬಂದಾಗಲೆಲ್ಲ, "ಮಿಸ್ ಸೂ, ಇವತ್ತು ನಾನು ಹೊಡೆದದ್ದು ಕೋಳಿಯೋ ಬಾತೋ ನೀವೇ ಹೇಳಿ" ಎಂದು ರೇಗಿಸುತ್ತಿದ್ದ. ಅವನ ತಮಾಷೆಗೆ ನಗಬೇಕೋ ಮುಜುಗರಪಡಬೇಕೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ನಾನು ಅಲ್ಲಿ ಹೊರಗಿನವಳು. ಸೀರೆ ಉಡದಿದ್ದರೂ, ಅವರಂತೆಯೇ ರಬ್ಬರ್ ಬೂಟು ಹಾಕಿದ್ದರೂ ಹೊರಗಿನವಳೇ. ಹೊರಗಿನವರಿಗೆ ತಮಾಷೆ ಪೂರ್ತಿ ತಮಾಷೆಯಾಗಿ ಕೇಳುವುದಿಲ್ಲ.

ಆ ದಶಕದ ಕೊನೆಯ ಹೊತ್ತಿಗೆ ಮಕ್ಕಳ ದಿನ ಶುರುವಾಯಿತು. ವರ್ಷಕ್ಕೊಂದು ಶನಿವಾರ ಹದಿನೈದರೊಳಗಿನ ಮಕ್ಕಳಿಗೆ ಮಾತ್ರ ಬೇಟೆ. ಜೊತೆಗೆ ದೊಡ್ಡವರೊಬ್ಬರು ಇರಬೇಕು, ಆದರೆ ಅವರು ಬಂದೂಕು ಮುಟ್ಟುವಂತಿಲ್ಲ. ವೆಂಡೆಲ್ ಆ ದಿನದ ಜವಾಬ್ದಾರಿಯನ್ನು ನನಗೆ ವಹಿಸಿದ. ಬಿಲ್ಲೆಯನ್ನು ಮಕ್ಕಳೇ ಎತ್ತಲಿ ಎಂದು ಮಾಡಿದವಳು ನಾನು. ಮೈಸೂರಿನ ನಮ್ಮ ವಠಾರದಲ್ಲಿ ಏನೇ ಚೀಟಿ ಹಾಕಿದರೂ ಮಗುವಿನ ಕೈಯಲ್ಲೇ ಎತ್ತಿಸುತ್ತಿದ್ದರು. ಮಗು ಎತ್ತಿದರೆ ಯಾರೂ ತಕರಾರು ಮಾಡುವುದಿಲ್ಲ. ಇಲ್ಲಿಯೂ ಅದು ಎಲ್ಲರಿಗೂ ಹಿಡಿಸಿತು. ಮಗು ಬಿಲ್ಲೆ ಎತ್ತಿ ನನ್ನ ಕೈಗೆ ಕೊಡುವುದು, ನಾನು ನಂಬರು ಓದಿ ಹೇಳಿ ಬರೆದುಕೊಳ್ಳುವುದು. ಅಷ್ಟೇ ಪದ್ಧತಿ.

ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಒಂದು ಮಾತು. ಬೆಳಿಗ್ಗೆ ಏನಾಯಿತೆಂದು ಅಪ್ಪನನ್ನು ಕೇಳಬೇಡಿ, ಮಗುವನ್ನು ಕೇಳಿ. ನಾಲ್ಕು ಬಾತು ತಂದು "ಎಲ್ಲಾ ನನ್ನ ಮಗನೇ ಹೊಡೆದದ್ದು" ಎಂದು ಎದೆಯುಬ್ಬಿಸಿದ ಒಬ್ಬನ ಮಗನನ್ನು ಕೇಳಿದಾಗ ಅವನ ಕಣ್ಣು ಮೊದಲು ಅಪ್ಪನ ಕಡೆಗೆ ಹೋಯಿತು. ನನಗೆ ಅಷ್ಟೇ ಸಾಕಾಗಿತ್ತು. ಇನ್ನೊಂದು ವರ್ಷ ಹತ್ತು ವರ್ಷದ ಹುಡುಗನೊಬ್ಬ ಒಂದೂ ಗುಂಡು ಹಾರಿಸದೆ ಬಂದ. ಬಾತುಗಳು ಕೈಗೆಟುಕುವಷ್ಟು ಹತ್ತಿರ ಇಳಿದಿದ್ದವಂತೆ. ಅಪ್ಪ ಕೆಂಡವಾಗಿದ್ದ. "ಅವು ಹೇಗೆ ಇಳಿಯುತ್ತವೆ ಅಂತ ನೋಡುತ್ತಿದ್ದೆ" ಎಂದ ಹುಡುಗ. ವೆಂಡೆಲ್ ಅವನ ಫಾರಂ ತೆಗೆದುಕೊಂಡು, ಷರಾ ಬರೆಯುವ ಜಾಗದಲ್ಲಿ "ಬಹಳ ಒಳ್ಳೆಯ ಬೆಳಗು" ಎಂದು ಬರೆದ. ಆ ಮುದುಕನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅವತ್ತು.

ಈಗ ಸನಾ ವಿಷಯ. ಒಂದು ಮಧ್ಯಾಹ್ನ ಸೆಂಟರ್‌ವಿಲ್‌ನಿಂದ ಫೋನ್ ಬಂತು. ಮಕ್ಕಳ ದಿನಕ್ಕೆ ಅರ್ಜಿ ಹೇಗೆಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದವರು ನನ್ನ ಹೆಸರು ಕೇಳಿದ್ದೇ, "ಸುಮಿತ್ರ ಅಂದ್ರೆ, ಮೇಡಂ, ನೀವು ಕನ್ನಡದವ್ರಾ?" ಎಂದರು. ನಯಾಜ್ ಅವರ ಹೆಸರು. ಬೆಂಗಳೂರಿನ ಫ್ರೇಜರ್ ಟೌನಿನವರು, ಕಂಪ್ಯೂಟರ್ ಕೆಲಸ. ಹನ್ನೆರಡು ವರ್ಷದ ಮಗಳು ಸನಾಳಿಗೆ ಸ್ಕೂಲಿನ ಗೆಳತಿಯೊಬ್ಬಳಿಂದ ಬೇಟೆಯ ಹುಚ್ಚು ಹತ್ತಿತ್ತು. ಸುರಕ್ಷತೆಯ ಕೋರ್ಸು ಮುಗಿಸಿ, ಅಪ್ಪನ ಕೈಯಲ್ಲೂ ಬಲವಂತವಾಗಿ ಮಾಡಿಸಿದ್ದಳು. "ನಂಗೆ ಕೋಳಿ ಹಿಡಿಯೋಕೂ ಬರಲ್ಲ ಮೇಡಂ. ಇವಳು ನೋಡಿದ್ರೆ ಬಾತು ಅಂತಾಳೆ. ಆಯ್ತು, ಹೊಡೆದ್ರೆ ಹಲಾಲಾಗಿ ಹೊಡೀಬೇಕು ಅಂತ ಕಂಡೀಷನ್ ಹಾಕಿದೀನಿ. ಬಿಸ್ಮಿಲ್ಲಾ ಹೇಳೇ ಟ್ರಿಗರ್ ಒತ್ಬೇಕು" ಎಂದರು. ನನಗೆ ನಗು ಬಂತು, ಸಂತೋಷವೂ ಆಯಿತು. ಆ ಸ್ಟೇಷನ್ನಿನ ಫೋನಿನಲ್ಲಿ ಕನ್ನಡ ಮಾತಾಡಿದ್ದು ಅದೇ ಮೊದಲು.

ಲಾಟರಿಯಲ್ಲಿ ಅವರ ಕಾರ್ಡು ಬಂತು. ಅದರಲ್ಲಿ ನನ್ನ ಕೈವಾಡವಿರಲಿಲ್ಲ, ಆ ಲಾಟರಿ ನಡೆಯುತ್ತಿದ್ದದ್ದು ಮೇಲಿನ ಕಚೇರಿಯಲ್ಲಿ.

ಆ ಶನಿವಾರ ಬೆಳಗಿನ ಜಾವ ಐದಕ್ಕೆ ಸ್ಟೇಷನ್ ತುಂಬಿತ್ತು. ಹನ್ನೆರಡು ಮಕ್ಕಳು, ಹನ್ನೆರಡು ದೊಡ್ಡವರು, ಸೀಮೆಎಣ್ಣೆ ಹೀಟರಿನ ವಾಸನೆ. ಡೇಲ್ ಮೊಮ್ಮಗನನ್ನು ಕರೆತಂದಿದ್ದ. ವೆಂಡೆಲ್ ಹೊರಗೆ ದೋಣಿಗಳಿಗೆ ಪೆಟ್ರೋಲು ಹಾಕುತ್ತಿದ್ದ. ಹವಾಮಾನದ ರೇಡಿಯೋ ಹತ್ತು ಗಂಟೆಯ ಮೇಲೆ ವಾಯವ್ಯದ ಗಾಳಿ ಎಂದಿತ್ತು. ನಾನು ಆಗಲೇ ನಾಲ್ಕು ಸಲ ಹೊರಗೆ ಹೋಗಿ ಆಕಾಶ ನೋಡಿ ಬಂದಿದ್ದೆ. ಆ ಗಾಳಿ ಬೀಸಿದರೆ ಸ್ನಾನದ ತೊಟ್ಟಿಯ ಬಿರಡೆ ತೆಗೆದ ಹಾಗೆ ಜೌಗಿನ ನೀರೆಲ್ಲ ನದಿಗೆ ಹೋಗಿಬಿಡುತ್ತದೆ, ಉಳಿಯುವುದು ಸೊಂಟದಾಳದ ಕೆಸರು.

ನಯಾಜ್ ಬಂದವರೇ ಕನ್ನಡದಲ್ಲಿ ಶುರು ಮಾಡಿದರು. ಅವರ ಹೆಂಡತಿ ಒಂದು ಫ್ಲಾಸ್ಕಿನಲ್ಲಿ ಟೀ, ಒಂದು ಡಬ್ಬಿಯಲ್ಲಿ ರಸ್ಕು ಕೊಟ್ಟು ಕಳಿಸಿದ್ದರು. ನಾನೂ ಮೈಮರೆತೆ. ಫ್ರೇಜರ್ ಟೌನು, ದೇವರಾಜ ಮಾರುಕಟ್ಟೆ, ಅವರ ಅತ್ತೆ ಇರುವ ಮೈಸೂರಿನ ಮಂಡಿ ಮೊಹಲ್ಲಾ, ಹತ್ತು ನಿಮಿಷ ಹೋದದ್ದೇ ಗೊತ್ತಾಗಲಿಲ್ಲ. ಸನಾ ತನಗಿಂತ ದೊಡ್ಡದಾದ ಕಂದು ಜಾಕೆಟ್ಟು ತೊಟ್ಟು ಪಕ್ಕದಲ್ಲಿ ನಿಂತಿದ್ದಳು. "ಆಂಟಿ, ವಿಚ್ ಒನ್ ಈಸ್ ದಿ ಬೆಸ್ಟ್ ಬ್ಲೈಂಡ್?" ಎಂದು ಕೇಳಿದಳು. "ಮೂರು. ಹಲಗೆ ದಾರಿಯಲ್ಲಿ ನಡಕೊಂಡೇ ಹೋಗಬಹುದು. ಗಾಳಿ ಬಡಿಯಲ್ಲ, ಬಾತು ಅಲ್ಲೇ ಇಳಿಯೋದು" ಎಂದೆ.

ಸಾಲಿನಿಂದ ಡೇಲ್ ಗಟ್ಟಿಯಾಗಿ ಹೇಳಿದ. "ಹುಡುಗರಾ, ಇವತ್ತು ಮೂರನೇ ನಂಬರು ಯಾರ ಪಾಲು ಅಂತ ಗೊತ್ತಾಯಿತಲ್ಲ. ಟೀ ತರದವರಿಗೆ ಕೆಸರೇ ಗತಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಫ್ಲಾಸ್ಕನ್ನು ಮೇಜಿನ ಕೆಳಗಿಟ್ಟೆ.

ಡಬ್ಬ ಕುಲುಕಿದೆ. ಆರು ಮಕ್ಕಳು ಎತ್ತಿದರು. ಏಳನೆಯವಳು ಸನಾ. ಕೈಗವಸು ತೆಗೆದು ಡಬ್ಬಕ್ಕೆ ಕೈ ಹಾಕಿ, ಒಂದು ಬಿಲ್ಲೆ ತೆಗೆದು ನನ್ನ ಅಂಗೈಯಲ್ಲಿಟ್ಟಳು.

ಮೂರು.

ಕೋಣೆಯಲ್ಲಿದ್ದ ಇಪ್ಪತ್ತಕ್ಕೂ ಹೆಚ್ಚು ಮುಖಗಳು ನನ್ನನ್ನೇ ನೋಡುತ್ತಿದ್ದವು. ನಾನು "ಮೂರು" ಎಂದರೆ ಅವರೆಲ್ಲ ಒಬ್ಬರನ್ನೊಬ್ಬರು ನೋಡಿಕೊಂಡು ಮುಗುಳ್ನಗುತ್ತಾರೆ. ತನ್ನವರಿಗೇ ಕೊಟ್ಟುಕೊಂಡಳು ಎನ್ನುತ್ತಾರೆ. ಏಳು ವರ್ಷ ಚಳಿಯಲ್ಲಿ ನಿಂತು ಸಂಪಾದಿಸಿದ ಹೆಸರು ಒಂದು ಫ್ಲಾಸ್ಕು ಟೀಗೆ ಹೋಗುತ್ತದೆ. ಇಷ್ಟೆಲ್ಲ ಯೋಚಿಸಲು ಎಷ್ಟು ಹೊತ್ತು ಬೇಕು? ಉಸಿರೆಳೆದು ಬಿಡುವಷ್ಟೂ ಬೇಕಾಗಲಿಲ್ಲ. "ಇದರ ಬಣ್ಣ ಸವೆದಿದೆ, ನಂಬರು ಓದಲಾಗುತ್ತಿಲ್ಲ. ಇನ್ನೊಂದು ತೆಗಿ" ಎಂದು ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿ, ಬಿಲ್ಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ. ಆ ಬಿಲ್ಲೆಗೆ ಬಣ್ಣ ಹಚ್ಚಿ ಮೂರು ವಾರವೂ ಆಗಿರಲಿಲ್ಲ.

ಸನಾ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಮತ್ತೆ ಕೈ ಹಾಕಿದಳು. ಹನ್ನೊಂದು ಬಂತು. ಹನ್ನೊಂದು ಕಟ್ಟಕಡೆಯ ಬ್ಲೈಂಡು, ಹಳ್ಳ ನದಿಗೆ ಸೇರುವ ಬಾಯಿಯಲ್ಲಿ, ದೋಣಿಯಲ್ಲೇ ಹೋಗಬೇಕು. ಮುಷ್ಟಿಯಲ್ಲಿದ್ದದ್ದನ್ನು ನಂಬರು ತಿದ್ದುವ ನೆಪದಲ್ಲಿ ಮೇಜಿನ ಕೆಳಗೆ ಪೆನ್ನಿನಿಂದ ತೀಡಿದಂತೆ ಮಾಡಿ ಡಬ್ಬಕ್ಕೆ ಹಾಕಿದೆ. ಯಾರೋ ಅದನ್ನು ಎತ್ತಿದರು, ಮೂರಕ್ಕೆ ಹೋದರು. ಯಾರೆಂದು ನೆನಪಿಲ್ಲ. ಡೇಲ್ ಅಂತೂ ಅಲ್ಲ, ಅವನಿಗೆ ಐದು.

ಅಲ್ಲಿಗೆ ಮುಗಿಯಲಿಲ್ಲ. ಗಾಳಿಯ ಮುನ್ಸೂಚನೆ ಇದ್ದ ದಿನ ಹೊಸಬರನ್ನು ಹನ್ನೊಂದಕ್ಕೆ ಕಳಿಸುವುದಿಲ್ಲ ಎಂಬುದು ನಾನೇ ಮಾಡಿಕೊಂಡಿದ್ದ ಕಟ್ಟುಪಾಡು. ಬೇರೆ ಯಾರಾದರೂ ಆಗಿದ್ದರೆ "ಬೇಡ, ಹಲಗೆ ದಾರಿಯ ಪಕ್ಕ ನಿಲ್ಲಿ" ಎನ್ನುತ್ತಿದ್ದೆ. ಇವರಿಗೆ ಹಾಗೆ ಹೇಳಿದರೆ ಅದೂ ಪಕ್ಷಪಾತವಾಗಿ ಕಂಡೀತು ಎಂದು ಬಾಯಿ ಮುಚ್ಚಿಕೊಂಡೆ. ಒಂಬತ್ತೂವರೆಗೆ ಕರೆದುಕೊಂಡು ಬರುತ್ತೇವೆ, ಅಲ್ಲಿಯವರೆಗೆ ಬ್ಲೈಂಡಿನಿಂದ ಕೆಳಗಿಳಿಯಬೇಡಿ, ತೊಂದರೆಯಾದರೆ ಕಿತ್ತಳೆ ಬಟ್ಟೆ ಕಟ್ಟಿ ಎಂದಷ್ಟೇ ಹೇಳಿದೆ. ವೆಂಡೆಲ್ ಅವರನ್ನು ಬಿಟ್ಟು ಬಂದ. ಬಂದವನು, "ಹೊಸಬರು ಹನ್ನೊಂದರಲ್ಲಾ?" ಎಂದ. "ಬಿಲ್ಲೆ ಬಂದದ್ದು ಅದೇ" ಎಂದೆ.

ಗಾಳಿ ಹತ್ತಕ್ಕೆ ಬರಲಿಲ್ಲ, ಎಂಟಕ್ಕೇ ಬಂತು. ನಾನು ಕಟ್ಟೆಯ ಮೇಲೆ ಬೈನಾಕ್ಯುಲರ್ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದೆ. ಕಂಬಗಳ ಬುಡದಲ್ಲಿ ನೀರು ಇಳಿಯುತ್ತಿದ್ದದ್ದು ಕಣ್ಣಿಗೇ ಕಾಣುತ್ತಿತ್ತು. ಹನ್ನೊಂದರ ಕಡೆ ಒಂದು ಗುಂಡಿನ ಸದ್ದು. ಹತ್ತು ನಿಮಿಷಕ್ಕೆ ಕಿತ್ತಳೆ ಬಟ್ಟೆ ಮೇಲೆದ್ದಿತು.

ಏನಾಗಿತ್ತೆಂದು ಆಮೇಲೆ ತಿಳಿಯಿತು. ಸನಾ ಬಿಸ್ಮಿಲ್ಲಾ ಎಂದು ಗುಂಡು ಹಾರಿಸಿದ್ದಳು. ಬಾತು ಬಿದ್ದಿತ್ತು, ಆದರೆ ಜೀವವಿತ್ತು. ಜೀವವಿರುವಾಗಲೇ ಕತ್ತು ಕೊಯ್ಯದಿದ್ದರೆ ಅದು ತಿನ್ನಲು ಬಾರದು, ತಿನ್ನದಿದ್ದರೆ ಮಗಳ ಕೈಯಿಂದ ಸುಮ್ಮನೆ ಒಂದು ಜೀವ ಹೋದಂತೆ ಎಂದು ನಯಾಜ್ ಚಾಕು ಹಿಡಿದು ಕೆಳಗಿಳಿದಿದ್ದರು. ಊರಿನ ಯಾವ ಬೇಟೆಗಾರನೂ ನೀರಿಳಿದ ಮೇಲೆ ಹಾಗೆ ಇಳಿಯುತ್ತಿರಲಿಲ್ಲ. ನಾಲ್ಕು ಹೆಜ್ಜೆಗೆ ತೊಡೆಯವರೆಗೆ ಹೂತುಕೊಂಡರು. ಬಿದ್ದು ಎದೆಯವರೆಗೆ ಒದ್ದೆಯಾದರು. ನೀರಿನಲ್ಲಿ ಮಂಜುಗಡ್ಡೆಯ ಚೂರುಗಳು ತೇಲುತ್ತಿದ್ದವು.

ವೆಂಡೆಲ್‌ನ ದೋಣಿ ಅರ್ಧ ದಾರಿಯಲ್ಲೇ ನೆಲ ಕಚ್ಚಿತು. ಅಷ್ಟರಲ್ಲಿ, ನೀರಿಳಿಯುವುದನ್ನು ಕಂಡು ಐದರಿಂದ ವಾಪಸು ಬಂದಿದ್ದ ಡೇಲ್, ಮೊಮ್ಮಗನನ್ನು ನನ್ನ ಕೈಗೊಪ್ಪಿಸಿ, ಶೆಡ್ಡಿನಿಂದ ಎರಡು ಪ್ಲೈವುಡ್ ಹಾಳೆ ಹೊತ್ತು ಬಂದ. ಒಂದನ್ನು ಕೆಸರಿನ ಮೇಲಿಟ್ಟು ಅದರ ಮೇಲೆ ನಿಂತು, ಇನ್ನೊಂದನ್ನು ಮುಂದಕ್ಕೆ ತಳ್ಳಿ, ಹಿಂದಿನದನ್ನು ಎಳೆದುಕೊಂಡು, ಹೀಗೆ ಹೋಗಬೇಕು. ಅವನಿಗೆ ಅರವತ್ತರ ಹತ್ತಿರ ವಯಸ್ಸು. ಒಂದು ಮಾತೂ ಆಡದೆ ಹೋದ. ಯಾರ ಒಂದು ಮಾತಿಗೆ ಹೆದರಿ ನಾನು ಆ ಹುಡುಗಿಯನ್ನು ಅಲ್ಲಿಗೆ ಕಳಿಸಿದ್ದೆನೋ ಅವನೇ ಅವಳ ಅಪ್ಪನನ್ನು ತರಲು ಹೋಗುತ್ತಿದ್ದ. ಅವನು ಎಲ್ಲರಿಗೂ ಹಾಗೇ ತಮಾಷೆ ಮಾಡುತ್ತಾನೆಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೆದರಿದ್ದೆ.

ಮುಕ್ಕಾಲು ಗಂಟೆ ಹಿಡಿಯಿತು. ನಾನು ಆಂಬುಲೆನ್ಸಿಗೆ ಹೇಳಿ, ಕಂಬಳಿ ತೆಗೆದಿಟ್ಟು, ಮತ್ತೆ ಮಡಿಚಿ, ಮತ್ತೆ ತೆಗೆದಿಟ್ಟೆ. ಡೇಲ್‌ನ ಮೊಮ್ಮಗ "ಮಿಸ್ ಸೂ, ಕೂತುಕೊಳ್ಳಿ" ಎಂದ. ಕೂರಲಾಗಲಿಲ್ಲ. ಅವತ್ತು ಆ ಮನುಷ್ಯ ಸತ್ತಿದ್ದರೆ ಕೊಂದವಳು ನಾನೇ. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಕರೆತಂದಾಗ ನಯಾಜ್ ಅವರ ತುಟಿ ನೀಲಿಯಾಗಿತ್ತು, ಮಾತು ತೊದಲುತ್ತಿತ್ತು. ಬದುಕಿದ್ದರು. ಡೇಲ್ ಉಸಿರು ಬಿಡುತ್ತ ಹೇಳಿದ. ಹುಡುಗಿ ಮೊದಲು ಬಂದೂಕಿನಿಂದ ಗುಂಡು ತೆಗೆದು ಚೀಲಕ್ಕೆ ಹಾಕಿದ್ದಳಂತೆ. ಆಮೇಲೆ ಬಟ್ಟೆ ಕಟ್ಟಿದ್ದಳು. ಆಮೇಲೆ ಬ್ಲೈಂಡಿನ ನೆಲದ ಎರಡು ಹಲಗೆ ಕಿತ್ತು ಅಪ್ಪನ ಕಡೆ ತಳ್ಳಿ, ಅದರ ಮೇಲೆ ಎದೆಯಿಟ್ಟು ಮಲಗು, ಒದ್ದಾಡಬೇಡ ಎಂದು ಕೂಗುತ್ತಲೇ ಇದ್ದಳಂತೆ. "ಕೋರ್ಸಿನಲ್ಲಿ ಹೇಳಿಕೊಟ್ಟದ್ದನ್ನು ಒಂದೂ ಬಿಡದೆ ಮಾಡಿದ್ದಾಳೆ. ನನ್ನ ಮಗನಿಗೆ ನಲವತ್ತಾದರೂ ಇಷ್ಟು ಬುದ್ಧಿಯಿಲ್ಲ" ಎಂದ. ಸನಾ ಹೀಟರಿನ ಮುಂದೆ ಅಳದೆ ಕೂತಿದ್ದಳು. ನಾನು ಕೊಟ್ಟ ಟೀ ಮುಟ್ಟಲಿಲ್ಲ. "ಆಂಟಿ, ಆ ಡಕ್ ಇನ್ನೂ ಅಲ್ಲೇ ಇದೆ" ಎಂದಳು, ಅಷ್ಟೇ.

ನಯಾಜ್ ಎರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಮುಂದಿನ ಭಾನುವಾರ ಹೇಳಿಯೇ ಬಿಡಬೇಕೆಂದು ಸೆಂಟರ್‌ವಿಲ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. ಆದರೆ ಬಾಗಿಲು ತೆರೆದ ಅವರ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡರು. "ನೀವು ಅಷ್ಟು ಬೇಗ ನೋಡ್ದೇ ಇದ್ದಿದ್ರೆ ನಮ್ಮ ಗತಿ ಏನಾಗ್ತಿತ್ತು, ಹೇಳಿ" ಎಂದು ಕಣ್ಣೊರೆಸಿಕೊಂಡರು. ನಯಾಜ್ ಉಣ್ಣೆಯ ಕಾಲುಚೀಲದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, "ತಪ್ಪೆಲ್ಲ ನಂದೇ ಮೇಡಂ. ಇಳೀಬೇಡಿ ಅಂತ ನೀವು ಹೇಳಿದ್ರಿ" ಎಂದರು. ನನಗಾಗಿ ಬೇರೆ ಪಾತ್ರೆಯಲ್ಲಿ, ಹೊಸ ಎಣ್ಣೆಯಲ್ಲಿ, ಬರೀ ತರಕಾರಿಯ ಪಕೋಡ ಮಾಡಿದ್ದರು. ತಿಂದೆ. ಜೋಡಿಸಿಕೊಂಡಿದ್ದ ವಾಕ್ಯಗಳಲ್ಲಿ ಒಂದೂ ಹೊರಬರಲಿಲ್ಲ. ಸನಾ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಹೋಗಿ ಬರ್ತೀನಮ್ಮ ಎಂದಾಗ "ಓಕೆ ಆಂಟಿ" ಎಂದಳು.

ವೆಂಡೆಲ್‌ಗೂ ಹೇಳಲಿಲ್ಲ. ಅಪಘಾತದ ವರದಿ ಬರೆದವಳು ನಾನೇ. ಗಾಳಿ ಮುನ್ಸೂಚನೆಗಿಂತ ಮೊದಲೇ ಬಂತು, ವ್ಯಕ್ತಿ ಸೂಚನೆ ಮೀರಿ ಕೆಳಗಿಳಿದರು ಎಂದು ಬರೆದೆ. ಒಂದೊಂದು ಪದವೂ ನಿಜ. ಆ ವರ್ಷವಿಡೀ ನನಗೆ ನಿದ್ದೆ ಸರಿಯಾಗಲಿಲ್ಲ. ಅಡುಗೆ ಮಾಡುತ್ತ ಸೌಟು ಹಿಡಿದು ನಿಂತುಬಿಡುತ್ತಿದ್ದೆ. ನಮ್ಮವರು ಕೇಳಿದರೆ ರೇಗುತ್ತಿದ್ದೆ. ಬಿಲ್ಲೆಗಳಿಗೆ ಎರಡು ಸಲ ಬಣ್ಣ ಹಚ್ಚಿದೆ, ಅದರಿಂದೇನೋ ಆಗುತ್ತದೆಂಬಂತೆ.

ಮರುವರ್ಷ ಮಕ್ಕಳ ದಿನದ ಪಟ್ಟಿಯಲ್ಲಿ ಸನಾ ಹೆಸರಿತ್ತು. ಅವರು ಮತ್ತೆ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ನಯಾಜ್ ಸ್ವಲ್ಪ ಕುಂಟುತ್ತ, ನಗುತ್ತ ಬಂದರು. ಮತ್ತೆ ಫ್ಲಾಸ್ಕು ತಂದಿದ್ದರು. ಡೇಲ್ ಅವರ ಬೆನ್ನು ತಟ್ಟಿ ಮಾತಾಡಿಸಿದ. ಸನಾ ಒಂದು ಗೇಣು ಬೆಳೆದಿದ್ದಳು, ಜಾಕೆಟ್ಟು ಈಗ ಅಳತೆಗೆ ಸರಿಯಾಗಿತ್ತು. ನನಗೆ ಹಲೋ ಹೇಳಿದಳು. ಅವಳ ಕಣ್ಣು ಮಾತ್ರ ಡಬ್ಬದ ಮೇಲಿತ್ತು.

ಅವಳ ಸರದಿ ಬಂತು. ಕೈ ಹಾಕಿ ಒಂದು ಬಿಲ್ಲೆ ತೆಗೆದಳು. ನಾನು ಅಭ್ಯಾಸದಂತೆ ಅಂಗೈ ಚಾಚಿದೆ. ಅವಳು ಮುಷ್ಟಿ ಮುಚ್ಚಿ ಎದೆಗೊತ್ತಿಕೊಂಡಳು.

"ಆಂಟಿ, ನೀವು ಮುಟ್ಬೇಡಿ" ಎಂದಳು. ಮೆಲ್ಲಗೆ, ಕನ್ನಡದಲ್ಲಿ, ಬೇರೆ ಯಾರಿಗೂ ತಿಳಿಯದಂತೆ. "ಐ ಕ್ಯಾನ್ ರೀಡ್ ಇಟ್."

ಆಮೇಲೆ ಕೋಣೆಯ ಕಡೆ ತಿರುಗಿ ಬಿಲ್ಲೆ ಎತ್ತಿ ಹಿಡಿದು, ತಾನೇ ಓದಿದಳು. ಒಂಬತ್ತು.

ಹಿಂದೆ ನಿಂತಿದ್ದ ನಯಾಜ್ ಅವಳ ಭುಜ ಹಿಡಿದು, "ಯಾಕಮ್ಮ, ಆಂಟಿ ಕೈಗೆ ಕೊಡಬೇಕಲ್ವಾ? ಅದೇನು ಹಾಗೆ ಮಾತಾಡ್ತೀಯ?" ಎಂದು ಗದರಿದರು.

"ಸುಮ್ನೆ, ಅಬ್ಬಾ" ಎಂದು ಅಪ್ಪನಿಗೆ ಹೇಳಿದಳು ಸನಾ. ಅವಳು ನನ್ನ ಕಡೆ ನೋಡಲಿಲ್ಲ.

ಒಂದು ವರ್ಷ. ಆ ಮಗು ಅಪ್ಪನನ್ನು ಕೆಸರಿನಲ್ಲಿ ನೋಡಿ ಬಂದಿತ್ತು, ಮೂರು ಎಂಬುದನ್ನು ಸ್ಪಷ್ಟವಾಗಿ ಓದಿತ್ತು, ಅವರಮ್ಮ ನನ್ನ ಕೈ ಹಿಡಿದು ಅತ್ತಾಗ ಮೆಟ್ಟಿಲ ಮೇಲೆ ಕೂತು ನೋಡಿತ್ತು. ಒಬ್ಬರಿಗೂ ಹೇಳಿರಲಿಲ್ಲ. ಈಗಲೂ ನನ್ನ ಮರ್ಯಾದೆ ಉಳಿಸಿ ತಾನು ಬೈಸಿಕೊಳ್ಳುತ್ತಿತ್ತು. ನನ್ನ ಸುಳ್ಳನ್ನು ಹೊರಲು ಆ ಮಗುವಿಗೆ ಕೊಟ್ಟು ನಾನು ಒಂದು ವರ್ಷ ಅದರ ಹಿಂದೆ ಅಡಗಿ ಕೂತಿದ್ದೆ.

ನಾನು ಎದ್ದು ನಿಂತೆ. ವೆಂಡೆಲ್ ಬಾಗಿಲಲ್ಲಿದ್ದ, ಡೇಲ್ ಹೀಟರಿನ ಹತ್ತಿರವಿದ್ದ. ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದೆ. ಹೋದ ವರ್ಷ ಈ ಹುಡುಗಿಗೆ ಮೂರು ಬಂದಿತ್ತು. ಓದಲಾಗುತ್ತಿಲ್ಲ ಎಂದು ನಾನು ಸುಳ್ಳು ಹೇಳಿದೆ. ನೀವೆಲ್ಲ ಏನಂದುಕೊಳ್ಳುತ್ತೀರೋ ಎಂದು ಹೆದರಿ ಹಾಗೆ ಮಾಡಿದೆ. ಹನ್ನೊಂದಕ್ಕೆ ಅವರನ್ನು ಕಳಿಸಿದವಳು ನಾನು. ಹಿಂದೆ ಮುಂದೆ ಏನೂ ಸೇರಿಸಲಿಲ್ಲ.

ಡೇಲ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ವೆಂಡೆಲ್ ಕಣ್ಣು ಕೆಳಗೆ ಮಾಡಿದ. ಮೂರು ದಿನದ ಮೇಲೆ ನನ್ನ ಫೈಲಿಗೆ ಅವನೊಂದು ಕಟುವಾದ ಪತ್ರ ಸೇರಿಸಿದ. ಸರಿಯಾಗಿಯೇ ಇತ್ತು. ನಯಾಜ್ ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಮಗಳ ಕೈ ಹಿಡಿದು, "ಬಾರಮ್ಮ, ಬೆಳಕಾಗ್ತಾ ಬಂತು" ಎಂದು ಹೊರಗೆ ಹೋದರು. ಫ್ಲಾಸ್ಕು ಮೇಜಿನ ಮೇಲೇ ಉಳಿಯಿತು. ಅದನ್ನು ಕೇಳಲು ಅವರು ಮತ್ತೆ ಬರಲಿಲ್ಲ.

ಇನ್ನೂ ಐದು ಮಕ್ಕಳು ಸಾಲಿನಲ್ಲಿದ್ದರು. ಡಬ್ಬ ಕುಲುಕಿ ಮುಂದಕ್ಕೆ ತಳ್ಳಿದೆ. ಮುಂದಿನದು ಕೆಂಪು ಟೋಪಿಯ ಸಣ್ಣ ಹುಡುಗಿ. ಬಿಲ್ಲೆ ತೆಗೆದು, ಏನು ಮಾಡಬೇಕೆಂದು ತಿಳಿಯದೆ ನನ್ನ ಕಡೆ ಚಾಚಿತು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ನೀನೇ ಓದು" ಎಂದೆ.